ಹಕ್ಕಿಗೆ ಕಾಯಿಸಿದ ಸಕ್ಕರೆ ನೀರು

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮೈಸೂರಿನ ಒಂದು ವಠಾರದಲ್ಲಿ ಅವ್ವ ಊದುಬತ್ತಿ ಹೊಸೆದು ನನ್ನನ್ನು ಕೆಮಿಸ್ಟ್ರಿ ಎಂ.ಎಸ್ಸಿ.ವರೆಗೆ ಓದಿಸಿದಳು. ಅವಳಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಮುಂದೆ ಹ್ಯೂಸ್ಟನ್ನಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಎರಡು ಸಾವಿರದ ಇಸವಿಯ ಆಚೀಚೆ ನಾವು ಆ ನಗರದ ಅಂಚಿನ ಸೈಪ್ರೆಸ್‌ನಲ್ಲಿ ಮನೆ ತೆಗೆದುಕೊಂಡೆವು. ಹಿತ್ತಲಲ್ಲಿ ಒಂದು ಓಕ್ ಸಸಿ, ಒಂದಿಷ್ಟು ಹುಲ್ಲು, ಸುತ್ತ ಮರದ ಬೇಲಿ.

ಬೇಲಿಯಾಚೆ ಒಬ್ಬ ಮುದುಕರಿದ್ದರು, ರಿಟೈರ್ ಆದವರು. ಒಂದು ಮಾರ್ಚ್‌ನಲ್ಲಿ ಅವರು ಹೆಬ್ಬೆರಳಿನಷ್ಟೇ ಇರುವ ಹಮ್ಮಿಂಗ್‌ಬರ್ಡ್ ಹಕ್ಕಿಗೆ ಸಕ್ಕರೆ ನೀರು ತೂಗುಹಾಕುವ ಕೆಂಪು ಫೀಡರ್ ಒಂದನ್ನು ನನ್ನ ಮಗಳ ಕೈಗೆ ಕೊಟ್ಟು, ಆ ನೀರು ಮಾಡುವ ವಿಧಾನವನ್ನೂ ಹೇಳಿದರು. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು. ಕಾಯಿಸಿ ಆರಿಸಬೇಕು. ಬಣ್ಣ ಬೇಡ, ಜೇನು ಬೇಡ. ಬಿಸಿಲು ಏರಿದ ಮೇಲೆ ಎರಡು ದಿನಕ್ಕೊಮ್ಮೆ ಉಳಿದದ್ದನ್ನು ಚೆಲ್ಲಿ ಹೊಸದು ತುಂಬಬೇಕು.

ಚೆಲ್ಲಬೇಕೇ ಎಂದು ಕೇಳಿದೆ. ಒಂದು ಮುಷ್ಟಿ ಸಕ್ಕರೆ ತಾನೇ ಎಂದು ಅವರು ನಕ್ಕರು.

ನಮ್ಮ ವಠಾರದ ಮನೆಯಲ್ಲಿ ಸಕ್ಕರೆ ಡಬ್ಬಿ ಇರುತ್ತಿದ್ದುದು ಮೇಲಿನ ಗೂಡಿನಲ್ಲಿ. ನೆಂಟರು ಬಂದರೆ ಮಾತ್ರ ಅದು ಕೆಳಗಿಳಿಯುತ್ತಿತ್ತು. ನಮಗೆ ಬೆಲ್ಲದ ಕಾಫಿ. ನೆಂಟರು ಕುಡಿದಿಟ್ಟ ಲೋಟದ ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ನಾನು ಬೆರಳಿನಿಂದ ತೆಗೆದು ತಿಂದಿದ್ದೇನೆ. ಸಕ್ಕರೆ ನೀರನ್ನು ಸಿಂಕಿಗೆ ಸುರಿಯಲು ನನ್ನ ಕೈ ಬರಲಿಲ್ಲ. ಹಕ್ಕಿ ಕುಡಿದು ಉಳಿದದ್ದನ್ನು ತೆಳು ಬಟ್ಟೆಯಲ್ಲಿ ಶೋಧಿಸಿ, ಮತ್ತೆ ಚೆನ್ನಾಗಿ ಕುದಿಸಿ, ಹಸಿರು ಮುಚ್ಚಳದ ಜಾಡಿಗೆ ತುಂಬಿ, ಮುಂದಿನ ಸಲ ಹಕ್ಕಿಗೇ ಹಾಕಲೆಂದು ಫ್ರಿಜ್ಜಿನಲ್ಲಿ ಇಡತೊಡಗಿದೆ. ಕುದಿಸಿದ ಮೇಲೆ ಅದರಲ್ಲಿ ಸಕ್ಕರೆ, ನೀರು ಬಿಟ್ಟು ಬೇರೇನೂ ಇರುವುದಿಲ್ಲ ಎಂದು ನನ್ನ ಓದು ಹೇಳುತ್ತಿತ್ತು. ಅದಕ್ಕೆ ನಮ್ಮಲ್ಲಿ ಎಂಜಲು ಎನ್ನುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ.

ಅದರ ಮರುವರ್ಷ ಅವ್ವ ಆರು ತಿಂಗಳಿಗೆಂದು ಬಂದಳು. ಚಳಿ ಕಳೆದು ಹಕ್ಕಿಗಳು ಬಂದ ಮೊದಲ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಬಾಯಿಬಿಟ್ಟು ನಿಂತಿದ್ದಳು.

"ಏನವ್ವ ಇದು, ಹಕ್ಕೀನೋ ದುಂಬೀನೋ? ಒಂದ್ ಕಡೆ ಕೂರಾಕಿಲ್ವಲ್ಲ!"

ಅಂದಿನಿಂದ ಅದು ನಮ್ಮ ಮನೆಯಲ್ಲಿ ದುಂಬಿಹಕ್ಕಿಯಾಯಿತು. ನಾನು ಜಾಡಿಗೆ ಸುರಿಯುವುದನ್ನೂ ಅವಳು ನೋಡಿದಳು. "ಹಕ್ಕಿ ಎಂಜಲನ್ನ ಹಕ್ಕಿಗೇ ಹಾಕಿದ್ರೆ ತಪ್ಪಿಲ್ಲ ಬುಡು. ಮನೆ ಸಾಮಾನ್ ಜೊತೇಲಿ ಇಕ್ಕಬ್ಯಾಡ, ಅಷ್ಟೇಯ" ಅಂದಳು. ನಾನು ಅವಳಿಗೆ ಬ್ಯಾಕ್ಟೀರಿಯಾದ ಪಾಠ ಮಾಡಿದೆ. ಅವಳು ತಲೆಯಾಡಿಸಿದಳು.

ಆ ವರ್ಷ ನಮ್ಮ ಕಡೆಯ ಕನ್ನಡ ಕುಟುಂಬಗಳ ಗುಂಪಿನಲ್ಲಿ ಅವ್ವನೇ ಎಲ್ಲರಿಗಿಂತ ಹಿರಿಯಳು. ಆ ಮನೆಗಳಲ್ಲಿ ಅಜ್ಜಂದಿರ ಕಾಲದಿಂದಲೂ ಓದಿದವರು. ಅವರ ನಡುವೆ ಅವ್ವ ಹೇಗೆ ಹೊಂದಿಕೊಳ್ಳುತ್ತಾಳೋ ಎಂದು ನನಗೆ ದಿಗಿಲಿತ್ತು. ಆದರೆ ಅವಳ ಅಡುಗೆ ನನ್ನ ದಿಗಿಲನ್ನು ಸುಳ್ಳು ಮಾಡಿತು. ಗುಂಪಿನಲ್ಲಿ ಒಬ್ಬ ಹುಡುಗಿ ಚೊಚ್ಚಲ ಬಸುರಿ, ಬೆಂಗಳೂರಿನವಳು. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಒಂದು ಭಾನುವಾರ ಅವ್ವನ ಪಕ್ಕ ಬಂದು ಕೂತಳು.

"ಅಮ್ಮಾ, ನನ್ನ ಸೀಮಂತಕ್ಕೆ ಕಜ್ಜಾಯ ಮಾಡ್ಕೊಡ್ತೀರಾ? ನಮ್ಮಮ್ಮ ಇದ್ದಿದ್ರೆ ಮಾಡ್ತಿದ್ರು."

"ಯಾಕ್ ಮಾಡಾಕಿಲ್ಲ ನನ್ ಕಂದ! ನಿನ್ ಹೊಟ್ಟೆ ತಣ್ಣಗಿರ್ಲಿ."

ಅವ್ವ ಅಷ್ಟು ಹಿಗ್ಗಿದ್ದನ್ನು ನಾನು ಪಾಸಾದ ದಿನ ಬಿಟ್ಟರೆ ಬೇರೆ ಯಾವತ್ತೂ ನೋಡಿರಲಿಲ್ಲ. ಅಕ್ಕಿ ನೆನೆಸಿ, ಬಟ್ಟೆಯ ಮೇಲೆ ಹರವಿ, ಹಿಟ್ಟು ಮಾಡಿ ಜರಡಿ ಹಿಡಿದಳು. ಮನೆಯಲ್ಲಿದ್ದ ಬೆಲ್ಲದಲ್ಲಿ ಬಹುಪಾಲನ್ನು ಪಾಕಕ್ಕೆ ಸುರಿದಳು. ಕಜ್ಜಾಯದ ಹಿಟ್ಟು ಕೆಲವು ದಿನ ಹದಗೊಳ್ಳಬೇಕು. ಪಾತ್ರೆಗೆ ತಟ್ಟೆ ಮುಚ್ಚಿ ಅಡುಗೆ ಕಟ್ಟೆಯ ಮೂಲೆಯಲ್ಲಿಟ್ಟು, ದಿನಕ್ಕೊಮ್ಮೆ ತೆಗೆದು ಮೂಸಿ ನೋಡುತ್ತಿದ್ದಳು.

ರಾಮನವಮಿ ಬಂದದ್ದು ಅದೇ ವಾರ. ಪಾನಕ, ಕೋಸಂಬರಿಗೆ ಗುಂಪಿನವರನ್ನೆಲ್ಲ ಕರೆದಿದ್ದೆ. ನಮ್ಮ ಮನೆಗೆ ಅವರು ಹಾಗೆ ಬರುತ್ತಿದ್ದುದು ಅದೇ ಮೊದಲು. ಉಳಿದಿದ್ದ ಬೆಲ್ಲದಲ್ಲೇ ಪಾನಕ ಮಾಡಿ, ನೈವೇದ್ಯ ಮುಗಿಸಿ ಹಂಚಿದ್ದಾಯಿತು. ಅಷ್ಟರಲ್ಲಿ ಯಾರದೋ ಮನೆಗೆ ಬಂದಿದ್ದ ನೆಂಟರನ್ನೂ ಕರೆದುಕೊಂಡು ಇನ್ನೆರಡು ಕಾರು ಬಂದವು. ಪಾತ್ರೆಯಲ್ಲಿ ಸೌಟು ತಳಕ್ಕೆ ತಾಗುತ್ತಿತ್ತು.

ಪಾನಕ ಮುಗಿಯಿತು ಎಂದಿದ್ದರೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಆದರೆ ನಾಲ್ಕು ಜನ ಬಂದ ಹೊತ್ತಲ್ಲಿ ನಮ್ಮ ಮನೆಯ ಪಾತ್ರೆ ಖಾಲಿ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಸಕ್ಕರೆ ಕರಗಿಸುತ್ತ ನಿಲ್ಲಲು ಪುರುಸೊತ್ತಿಲ್ಲ. ಫ್ರಿಜ್ ತೆರೆದರೆ, ಕರಗಿ ತಣ್ಣಗಾದದ್ದು ಕಣ್ಣೆದುರೇ ಇತ್ತು. ಕುದಿಸಿದ್ದು ತಾನೇ ಎಂದುಕೊಂಡೆ. ಜಾಡಿಯನ್ನು ಪಾತ್ರೆಗೆ ಬಗ್ಗಿಸಿ, ನಿಂಬೆಹಣ್ಣು ಹಿಂಡಿ, ಏಲಕ್ಕಿ, ಶುಂಠಿ ಹಾಕಿ ಕದಡಿದೆ. ತಿರುಗಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು.

ಬಸುರಿ ಹುಡುಗಿ ಎರಡನೇ ಲೋಟ ಕೇಳಿ ಹಾಕಿಸಿಕೊಂಡಳು. "ಅಕ್ಕಾ, ಇದು ಮೊದಲಿನದಕ್ಕಿಂತ ಲೈಟಾಗಿದೆ. ಇದೇ ಚೆನ್ನಾಗಿದೆ."

ಆಗ ನನ್ನ ಮಗಳು ಹಿತ್ತಲಿಂದ ಖಾಲಿ ಫೀಡರ್ ಹಿಡಿದು ಒಳಗೆ ಬಂದಳು. ಏಳು ವರ್ಷ. ಅದನ್ನು ತುಂಬಿಸುವುದು ಅವಳ ಕೆಲಸ. ಫ್ರಿಜ್ ತೆರೆದು, ಸಿಂಕಿನ ಪಕ್ಕದ ಖಾಲಿ ಜಾಡಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಮಮ್ಮಿ, ಹೂ ಡ್ರ್ಯಾಂಕ್ ದ ಹಮ್ಮಿಂಗ್‌ಬರ್ಡ್ ಜ್ಯೂಸ್?" ಅಂದಳು.

"ಯಾವ ಜ್ಯೂಸ್ ಪುಟ್ಟಾ?" ಎಂದು ಒಬ್ಬರು ಕೇಳಿದರು.

ಹಕ್ಕಿಗಳು ಕುಡಿಯುತ್ತವೆ, ಮಿಕ್ಕಿದ್ದು ಮತ್ತೆ ಈ ಜಾಡಿಗೆ ಹೋಗುತ್ತದೆ ಎಂದು ಅವಳು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ವಿವರಿಸಿದಳು. ಕೈಯಲ್ಲಿದ್ದ ಲೋಟಗಳನ್ನು ಎಲ್ಲರೂ ನೋಡಿಕೊಂಡರು. ಬಸುರಿ ಹುಡುಗಿಯ ಕೈ ಹೊಟ್ಟೆಯ ಮೇಲೆ ಹೋಯಿತು.

ಅವ್ವನಿಗೆ ಇಂಗ್ಲಿಷ್ ಬಾರದು. ಆದರೆ ಮುಖಗಳನ್ನೂ ಜಾಡಿಯನ್ನೂ ನೋಡಿದ್ದೇ ಅವಳಿಗೆ ವಿಷಯ ತಿಳಿಯಿತು.

"ನಾನೇ ಕಣ್ರವ್ವ ಬೆರೆಸ್ದೋಳು" ಅಂದಳು. "ಹಕ್ಕಿ ಕುಡಿದು ಮಿಕ್ಕಿದ್ದನ್ನ ಎತ್ತಿಕ್ಕಿದೋಳೂ ನಾನೇಯ. ಸಕ್ಕರೆ ನೀರು, ಚೆಲ್ಲಾಕೆ ಮನಸು ಬರ್ಲಿಲ್ಲ. ಓದು ಬರಾ ಇಲ್ದೋಳು, ನನಗೇನ್ ಗೊತ್ತಾದದು? ಇವಳಿಗೆ ಏನೂ ಗೊತ್ತಿಲ್ಲ."

"ಬಟ್ ಅಜ್ಜಿ..." ಎಂದು ನನ್ನ ಮಗಳು ಬಾಯಿ ತೆರೆದಳು. ಅವಳು ನನ್ನ ಮುಖ ನೋಡಿದಳು.

"ಮೇಲೆ ಹೋಗು" ಅಂದೆ ನಾನು. "ಈಗಲೇ."

ಅವಳು ಹೋದಳು.

ಒಬ್ಬರು ಸಿಂಕಿಗೆ ಹೋಗಿ ಬಾಯಿ ಮುಕ್ಕಳಿಸಿದರು. ಧಾರವಾಡದವರೊಬ್ಬರು ಮಾತ್ರ ನಗಿಸಲು ನೋಡಿದರು. "ಇರ್ಲಿ ಬಿಡ್ರಿ, ಎಲ್ಲಾರೂ ಹಾರಿಕೋತ ಮನಿಗೆ ಹೋಗೂಣು. ಕಾರಿನ ಪೆಟ್ರೋಲರ ಉಳೀತದ!" ಎಲ್ಲರೂ ನಕ್ಕರು. "ಪಾಪ, ಆಂಟಿಗೆ ಗೊತ್ತಾಗಿಲ್ಲ" ಎಂದರು. ಅವ್ವನೂ ತಲೆ ತಗ್ಗಿಸಿ ಅವರೊಂದಿಗೆ ನಕ್ಕಳು. ನಾನು ಖಾಲಿ ಲೋಟಗಳನ್ನು ಜೋಡಿಸಿಕೊಂಡು ಒಳಗೆ ಹೋದೆ.

ಎಲ್ಲರೂ ಹೋದ ಮೇಲೆ ಅವ್ವನನ್ನೇ ಬೈದೆ. ನಿನ್ನನ್ನು ಯಾರು ಮಧ್ಯೆ ಬಾ ಅಂದರು ಎಂದು ಕೇಳಿದೆ.

"ನೀನು ಈ ಜನದ ಮಧ್ಯೆ ಬಾಳಬೇಕಾದೋಳು ಕಣ್ಮಗ. ನಾನು ಎರಡು ತಿಂಗಳಿಗೆ ವಾಪಸ್ ಹೋಗೋಳು. ಅಂದ್ಕೊಂಡ್ರೆ ಅಂದ್ಕೊಳ್ಳಿ."

ಮೂರನೇ ದಿನ ಬಸುರಿ ಹುಡುಗಿಯ ಫೋನ್ ಬಂತು. ದನಿ ತುಂಬ ಮೃದುವಾಗಿತ್ತು. "ಅಕ್ಕಾ, ಕಜ್ಜಾಯಕ್ಕೆ ಅಮ್ಮನಿಗೆ ತೊಂದ್ರೆ ಕೊಡೋದು ಬೇಡ. ಸ್ವೀಟ್ಸ್ ಎಲ್ಲ ಹೊರಗಡೆಯಿಂದಾನೇ ಆರ್ಡರ್ ಮಾಡಿದೀವಿ. ಊರಿಂದ ನಮ್ಮತ್ತೆನೂ ಫೋನಲ್ಲಿ ಸ್ವಲ್ಪ... ನಿಮಗೆ ಅರ್ಥ ಆಗುತ್ತಲ್ವಾ? ನೀವೆಲ್ಲ ಬರ್ಲೇಬೇಕು."

ನನಗೆ ಅರ್ಥವಾಯಿತು. ಅದನ್ನು ಅವ್ವನಿಗೆ ಹೇಳಿದಾಗ ಅವಳು ಪಾತ್ರೆಯ ತಟ್ಟೆ ಎತ್ತಿ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿದಳು. "ಹದ ಬಂದದೆ. ಬಿಸಾಕಾಕಾದದಾ?" ಅಂದು ಎಣ್ಣೆ ಇಟ್ಟಳು. ಮಧ್ಯಾಹ್ನವೆಲ್ಲ ಕೂತು ಕಜ್ಜಾಯ ಕರಿದಳು. ಅಷ್ಟನ್ನೂ ಒಂದು ದೊಡ್ಡ ಡಬ್ಬಿಗೆ ತುಂಬಿ, ಸೀಮಂತದ ದಿನ ಕೇಟಿ ಊರಿನ ಆ ಹುಡುಗಿಯ ಮನೆಗೆ ಹೊರಡುವಾಗ ನಾನೇ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟೆ. ಇಂದು ನಿಜ ಹೇಳಿಬಿಡುತ್ತೇನೆ, ಹೇಳಿದ ಮೇಲೆ ಡಬ್ಬಿಯನ್ನು ಒಳಗೆ ತರುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಅಲ್ಲಿ ಅವ್ವನೊಂದಿಗೆ ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಒಳ್ಳೆಯ ಕುರ್ಚಿ ಕೊಟ್ಟರು. ಬಡಿಸಲು ಎದ್ದರೆ, "ನೀವು ಕೂತ್ಕೊಳಿ ಆಂಟಿ, ನಾವಿದೀವಲ್ಲ" ಎಂದು ಕೂರಿಸಿದರು. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಊದುಬತ್ತಿ ಹೊಸೆಯುವ ಹೆಂಗಸು, ಆ ಕೈಗಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಹಸಿರು ಸೀರೆ ಉಟ್ಟಿದ್ದ ಆ ಹುಡುಗಿಯನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದೆ.

"ಅವತ್ತು ಅದನ್ನ ಬೆರೆಸಿದ್ದು ನಾನು ಕಣೇ. ಎತ್ತಿಡ್ತಿದ್ದಿದ್ದೂ ನಾನೇ. ನಮ್ಮವ್ವ ಅಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು. "ಅಕ್ಕಾ, ಅಮ್ಮನ್ನ ಬಿಟ್ಟುಕೊಡೋರಲ್ಲ ನೀವು. ಇಷ್ಟೆಲ್ಲ ಓದಿರೋರು ಅಂಥ ಕೆಲಸ ಮಾಡ್ತೀರಾ? ಬಿಡಿ, ಅವರ ಮೇಲೆ ನಮಗ್ಯಾರಿಗೂ ಬೇಜಾರಿಲ್ಲ."

ಪಕ್ಕದಲ್ಲೇ ಇದ್ದ ಧಾರವಾಡದವರು, "ಇಂಥಾ ಮಗಳು ಎಲ್ಲಾರ ಹೊಟ್ಟ್ಯಾಗೂ ಹುಟ್ಟಬೇಕ್ ನೋಡ್ರಿ" ಎಂದರು.

ಅಷ್ಟರಲ್ಲಿ ಆರತಿಗೆ ಕರೆದರು. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು. ಮಗಳನ್ನು ಕರೆದು ಕೇಳಿ ನೋಡಿ ಅನ್ನಬಹುದಿತ್ತು. ನಾನು ಹೇಳಿದೆ, ಅವರು ನಂಬಲಿಲ್ಲ, ನನ್ನ ಪಾಲಿನದು ಮುಗಿಯಿತು ಎಂದು ಒಳಗೊಳಗೇ ಹಗುರಾದೆ. ಜಾಡಿ ಬಗ್ಗಿಸಿದ್ದಕ್ಕಿಂತ ಆ ಹಗುರ ನೆನಪಾದರೆ ನನಗೆ ಇಂದಿಗೂ ಮುಖ ಎತ್ತಲಾಗುವುದಿಲ್ಲ. ಆರತಿ ಹಾಡಿಗೆ ದನಿ ಸೇರಿಸಿದೆ. ಡಬ್ಬಿ ಕಾರಿನಲ್ಲೇ ಇತ್ತು.

ಹಿಂದಿರುಗುವಾಗ ಅವ್ವ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದಳು.

"ಆ ಹುಡುಗಿಗೆ ಏನೋ ಹೇಳ್ತಿದ್ದೆ?"

"ಏನಿಲ್ಲವ್ವ."

ಹಿಂದಿನ ಸೀಟಿನಿಂದ ಮುಚ್ಚಳ ತೆಗೆದ ಸದ್ದು ಬಂತು. ಕಾರಿನ ತುಂಬ ಬೆಲ್ಲದ, ಏಲಕ್ಕಿಯ ವಾಸನೆ. ರಾಮನವಮಿಯ ದಿನದಿಂದ ನನ್ನೊಂದಿಗೆ ಸರಿಯಾಗಿ ಮಾತಾಡದಿದ್ದ ನನ್ನ ಮಗಳು ಬಾಯಿ ತುಂಬ ತಿನ್ನುತ್ತ, "ಅಜ್ಜಿ, ಕ್ಯಾನ್ ಐ ಹ್ಯಾವ್ ಒನ್ ಮೋರ್?" ಅಂದಳು.

ಅಷ್ಟು ಇಂಗ್ಲಿಷ್ ಅವ್ವನಿಗೆ ತಿಳಿಯುತ್ತಿತ್ತು.

"ತಿನ್ನು ಮಗ" ಅಂದಳು, ಹಿಂದೆ ತಿರುಗದೆ. "ಬೇಕಾದಷ್ಟವೆ."