ಕೆಂಪು ಗುಡ್ಡಕ್ಕ ಹಸರು ಹಚ್ಚಿದ್ದು

ವಾಗ್ಳೆ ಎಸ್ಟೇಟಿನ ಪೇಂಟ್ ಫ್ಯಾಕ್ಟರಿಯೊಳಗ ನನ್ನ ಕೆಲಸ ಶೇಡ್ ಮ್ಯಾಚಿಂಗ್. ಗಿರಾಕಿ ತಂದ ತಗಡಿನ ತುಂಡು ನೋಡಿ ಅದ ಬಣ್ಣ ಕಲಸಬೇಕು, ಬಿಸಲಿಗೆ ಹಿಡಿದು ತಾಳೆ ನೋಡಬೇಕು. ಕೂದಲೆಳಿಯಷ್ಟು ಫರಕ್ ಆದ್ರೂ ಮಾಲು ವಾಪಸ್. ಇಪ್ಪತ್ತು ವರ್ಷ ಇದನ್ನ ಮಾಡೀನಿ. ನನ್ನ ಕಣ್ಣಿನ ಬಗ್ಗೆ ನನಗ ಸ್ವಲ್ಪ ಸೊಕ್ಕು ಐತಿ, ಸುಳ್ಳು ಯಾಕ ಹೇಳ್ಲಿ.

ಮನ್ಯಾಗ ಈಗ ನಾ, ಮಗಳು ಇಬ್ಬರ. ಆಕಿ ಚಿತ್ರಕಲಾ ಕಾಲೇಜಿಗೆ ಹೋಗ್ತಾಳ. ಕನ್ನಡ ನಾಡಿನ ಹೊರಗ ಬೆಳದಾಕಿ; ಕನ್ನಡ ತಿಳೀತೈತಿ, ಉತ್ತರ ಮಾತ್ರ ಹಿಂದಿಯೊಳಗ. ಹೋದ ವರ್ಷ ಕಾಲೇಜಿನ ಪ್ರದರ್ಶನಕ್ಕಂತ ನಮ್ಮ ಮನಿ ಗ್ಯಾಲರಿಯಿಂದ, ಅಂದ್ರ ಬಾಲ್ಕನಿಯಿಂದ, ಕಾಣೋ ಗುಡ್ಡದ ಚಿತ್ರ ಬರದ್ಲು. ಗುಡ್ಡ ಹಸಿ ಗಾಯದಂಗ ಕೆಂಪು, ಆಕಾಶ ಹಳದಿ, ಗಿಡ ಎಲ್ಲಾ ಕರ್ರಗ, ಒಂದ ಕಡಿ ವಾಲ್ಯಾವ.

"ಏನವಾ ಇದು, ಗುಡ್ಡಕ್ಕ ಬೆಂಕಿ ಬಿದ್ದೈತೇನು?" ಅಂತ ನಕ್ಕೆ.

ಬಣ್ಣ ಗುಡ್ಡದ್ದಲ್ಲ, ನೋಡೋರ ಮನಸಿಂದು ಅಂತ ಹಿಂದಿಯೊಳಗ ಹೇಳಿದ್ಲು. ನನ್ನ ತಲಿಗೆ ಹೋಗಲಿಲ್ಲ.

ಪ್ರದರ್ಶನದ ಹಿಂದಿನ ದಿನ ರವಿವಾರ. ಆಕಿ ಫ್ರೇಮ್ ತರಾಕ ಸ್ಟೇಷನ್ ಕಡೆ ಹೋದ್ಲು. ನಾ ಚಿತ್ರ ಗ್ಯಾಲರಿಗೆ ತಂದು ಬಿಸಲಿಗೆ ಹಿಡಿದೆ. ಎದುರಿಗೆ ಗುಡ್ಡ, ಕೈಯಾಗ ಚಿತ್ರ. ಒಂದೂ ಶೇಡ್ ಕೂಡವಲ್ದು! ಅಯ್ಯೋ, ಕೂಸಿನ ಮಾಲು ನಾಳೆ ರಿಜೆಕ್ಟ್ ಆಗ್ತೈತಲ್ಲ ಅಂತ ಜೀವ ಚುರ್ ಅಂತು. ಆಕೀ ಬಣ್ಣಾನ ತಗೊಂಡು, ಹಸರಿಗೆ ಒಂಚೂರು ಕರಿ, ಒಂಚೂರು ಹಳದಿ ಕಲಸಿ ಕೆಂಪಿನ ಮ್ಯಾಲ ಎರಡು ಕೋಟ್ ಹೊಡದೆ. ಆಕಾಶಾನೂ ಬಿಡಲಿಲ್ಲ. ಖರೇ ಹೇಳ್ತೀನಿ, ಮ್ಯಾಚ್ ಅಂದ್ರ ಮ್ಯಾಚ್.

ಆಕಿ ಬಂದ್ಲು. "ನೋಡು ಈಗ!" ಅಂದೆ, ಎದಿ ಉಬ್ಬಿಸಿ.

ಫ್ರೇಮ್ ಕೆಳಗಿಟ್ಟು ಓಡಿ ಬಂದು ಹಸಿ ಅರಿವಿಯಿಂದ ಒರಸಿದ್ಲು. ಒಣಗಿಬಿಟ್ಟಿತ್ತು, ಬರಲಿಲ್ಲ. ಇನ್ನ ಬೈತಾಳ ಅಂತ ಕಾದೆ. ಬೈಲಿಲ್ಲ. ಸಾವಕಾಶ, ಅದೂ ಕನ್ನಡದೊಳಗ ಅಂದ್ಲು: "ಪಪ್ಪಾ, ಅವ್ವ ಹೋದ ದಿನ ಗುಡ್ಡ ನನಗ ಹಂಗ ಕಂಡಿತ್ತು."

ಆ ಕೆಂಪು ಸಿಟ್ಟಿಂದು, ಆ ಹಳದಿ ಅಂಜಿಕೀದು ಅಂತ ಆಗ ತಿಳೀತು. ನಾಚಿಕಿ ಬಂತು, ಅಳೂನೂ ಬಂತು. ಆವತ್ತು ಹೆಂಡ್ತಿಗೆ ಮೈ ಕೆಂಡದಂಗ ಸುಡತಿತ್ತು. ಅರ್ಜೆಂಟ್ ಮಾಲು ಐತಿ ಅಂತ ಮಗಳಿಗೆ ನೋಡ್ಕೋ ಅಂದು ನಾ ಡ್ಯೂಟಿಗೆ ಹೋಗಿದ್ದೆ. ಅಂಬುಲೆನ್ಸಿನ ದಾರಿ ಕಾಯ್ಕೋತ ಈ ಗ್ಯಾಲರಿಯೊಳಗ ಆಕಿ ಒಬ್ಬಾಕೀನ ನಿಂತಿದ್ಲು.