ಏಳು ದಿನದ ಮಣೆ

ಒಳ್ಳೆಯ ಕುರ್ಚಿಯ ಕಾಲು ಕೊಯ್ಯಲು ನಾನು ಒಪ್ಪಲಿಲ್ಲ. ದೋಹಾದಲ್ಲಿ ದುಡಿದ ಅಷ್ಟೂ ವರ್ಷಗಳಲ್ಲಿ ಗಿರಾಕಿಯ ಎದುರು ನಿಂತು ಆಗುವುದಿಲ್ಲ ಎಂದದ್ದು ಅದೊಂದೇ ಸಲ. ಆ ಗಿರಾಕಿಗೆ ಹದಿಮೂರು ವರ್ಷ.

ವೆಸ್ಟ್ ಬೇಯಲ್ಲಿ ದಿನಕ್ಕೊಂದು ಕ್ರೇನ್ ಏಳುತ್ತಿದ್ದ ಕಾಲ ಅದು. ನಾನು ಫ್ಲಾಟುಗಳ ರಿಪೇರಿ ನೋಡಿಕೊಳ್ಳುವ ಕಂಪನಿಯಲ್ಲಿ ಬಡಗಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು. ಓದು ಹತ್ತಲಿಲ್ಲ, ಕೆಲಸ ಕೈಗೆ ಹತ್ತಿತು. ನಾನು ಕೂರಿಸಿದ ಬಾಗಿಲು ಕಿರುಗುಟ್ಟಿತೆಂದು ಯಾರೂ ಎರಡನೇ ಸಲ ಫೋನ್ ಮಾಡಿದ್ದಿಲ್ಲ. ಒಂದು ದಿನವೂ ರಜೆ ಹಾಕದ ಮನುಷ್ಯ ಎಂದು ಫೋರ್‌ಮನ್ ಹೊಸಬರಿಗೆ ನನ್ನನ್ನು ತೋರಿಸುತ್ತಿದ್ದ. ನನಗೂ ಅದು ಬೇಕಿತ್ತು, ಸುಳ್ಳು ಹೇಳುವುದಿಲ್ಲ.

ಅಲ್ ಸದ್ದ್‌ನ ಆ ಫ್ಲಾಟಿಗೆ ‘ಕುರ್ಚಿ ಕೆಲಸ’ ಎಂದಷ್ಟೇ ಹೇಳಿ ಕಳಿಸಿದ್ದರು. ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯ ದೊಡ್ಡ ಕನ್ನಡಿಗೆ ಬೆಡ್‌ಶೀಟ್ ಹೊದಿಸಿದ್ದರು. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಮೇಣದ ದೀಪ ಹಗಲಲ್ಲೇ ಉರಿಯುತ್ತಿತ್ತು. ಒಬ್ಬಳು ಹುಡುಗಿ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ತಂದು ನನ್ನ ಮುಂದಿಟ್ಟಳು. ಅವಳ ಅಂಗಿಯ ಕೊರಳಪಟ್ಟಿ ಎದೆಯವರೆಗೆ ಹರಿದಿತ್ತು.

“ಇದರ ಕಾಲು ಇಷ್ಟು ಬಿಟ್ಟು ಉಳಿದದ್ದು ಕತ್ತರಿಸಬೇಕು,” ಎಂದು ಗೇಣಿಗಿಂತ ಕಡಿಮೆ ಅಳತೆ ತೋರಿಸಿದಳು. ಅವಳದು ಅಮೆರಿಕದ ಇಂಗ್ಲಿಷ್, ನನ್ನದು ಸೈಟಿನಲ್ಲಿ ಕಲಿತದ್ದು.

“ಬೀಚ್ ಮರದ ಕುರ್ಚಿ ಇದು. ಕೊಯ್ದರೆ ಹಾಳು. ಬೇರೆ ಏನಾದರೂ ಹೇಳು.”

“ಬೇರೆ ಬೇಡ. ಏಳು ದಿನ ನಾನು ತಗ್ಗಿನಲ್ಲಿ ಕೂರಬೇಕು. ಅಮ್ಮ ತೀರಿಕೊಂಡಳು.”

ಅಡುಗೆಮನೆಯಿಂದ ತಂದೆ ಬಂದರು. ಎತ್ತರದ ಮನುಷ್ಯ, ಗಡ್ಡ ಬೋಳಿಸಿರಲಿಲ್ಲ, ಕೈಯಲ್ಲಿ ಮೊಬೈಲ್. ಮಗಳ ಜೊತೆ ಅದೇ ಮಾತು ಬೆಳಗಿನಿಂದ ಆಡಿ ಆಡಿ ದಣಿದಿದ್ದರು ಎಂದು ನೋಡಿದರೇ ಗೊತ್ತಾಗುತ್ತಿತ್ತು.

“ನೀನು ಮಗು ಕಣಮ್ಮ. ಇದೆಲ್ಲ ದೊಡ್ಡವರಿಗೆ. ನಾಳೆ ಸ್ಕೂಲಿಗೆ ಹೋಗು, ಗೆಳತಿಯರ ಜೊತೆ ಇರು. ಅಮ್ಮನೂ ಅದನ್ನೇ ಹೇಳುತ್ತಿದ್ದಳು.”

“ಹೇಳುತ್ತಿರಲಿಲ್ಲ. ನನಗೆ ಹದಿಮೂರಾಯಿತು. ಅವತ್ತು ನಾನು ಓದಿದಾಗ ನೀವೂ ಅಲ್ಲೇ ಕೂತಿದ್ದಿರಿ, ಅಪ್ಪ.”

ಅವರು ನನ್ನ ಕಡೆ ನೋಡಿದರು. ಬೇರೆಯವರ ಮನೆಯ ಜಗಳದ ನಡುವೆ ಅಳತೆ ಪಟ್ಟಿ ಹಿಡಿದು ನಿಲ್ಲುವುದು ನನ್ನ ಕಸುಬಿನಲ್ಲಿ ಹೊಸತಲ್ಲ. ಆದರೆ ಅವತ್ತು ನಾನು ಬಾಯಿ ಹಾಕಿದೆ.

“ಸರ್, ಕುರ್ಚಿ ಕೊಯ್ಯುವುದು ಬೇಡ. ಬೇರೆ ತಗ್ಗಿನ ಮಣೆ ಮಾಡಿ ತರುತ್ತೇನೆ.”

ತಂದೆ ಬಾಲ್ಕನಿಗೆ ಹೋದರು. ನಾನು ಅಳತೆ ತೆಗೆದುಕೊಳ್ಳುವಾಗ ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ಅವಳೂ ತಾಯಿಯೂ ಯಹೂದಿಗಳು, ತಂದೆ ಅಲ್ಲ. ಈ ಊರಿನಲ್ಲಿ ಅದನ್ನು ಎಲ್ಲರ ಹತ್ತಿರ ಹೇಳುವುದಿಲ್ಲ, ನೀವೂ ಹೇಳಬೇಡಿ ಎಂದಳು. ಹತ್ತಿರದವರು ಸತ್ತರೆ ಅಂಗಿ ಹರಿದುಕೊಂಡು, ಕನ್ನಡಿ ಮುಚ್ಚಿ, ಬಾಗಿಲು ತೆರೆದಿಟ್ಟು ಏಳು ದಿನ ತಗ್ಗಿನಲ್ಲಿ ಕೂರುವುದು ಅವರ ಪದ್ಧತಿಯಂತೆ. ಹದಿಮೂರು ತುಂಬಿದ ದಿನ, ಪರದೆ ಎಳೆದು, ಇದೇ ಹಾಲ್‌ನಲ್ಲಿ ನಾಲ್ಕು ಮನೆಯವರ ಎದುರು ಅವಳು ತಮ್ಮ ಗ್ರಂಥವನ್ನು ರಾಗವಾಗಿ ಓದಿದ್ದಳು, ಹಾಗೆ ಓದಿದವರು ಅವರಲ್ಲಿ ದೊಡ್ಡವರ ಲೆಕ್ಕ. ಆ ರಾಗವನ್ನು ಕಲಿಸಿದ್ದು ತಾಯಿ, ಕಾಯಿಲೆಯ ನಡುವೆ ಮಂಚದ ಮೇಲೆ ಒರಗಿಕೊಂಡು. ಆಮೇಲೆ ಚಿಕಿತ್ಸೆಗೆಂದು ತಾಯಿ ತವರಿಗೆ ಅಮೆರಿಕಕ್ಕೆ ಹೋದರು. ಅಲ್ಲೇ ಹೋಗಿಬಿಟ್ಟರು. ಅವರಲ್ಲಿ ಹೆಣವನ್ನು ಇಟ್ಟುಕೊಂಡು ಕಾಯುವುದಿಲ್ಲವಂತೆ. ತಂದೆ ಮಗಳು ವಿಮಾನದ ಟಿಕೆಟ್ ಹುಡುಕುವುದರೊಳಗೆ ಅಲ್ಲಿ ಮಣ್ಣು ಮಾಡಿ ಮುಗಿದಿತ್ತು.

“ನಾನಿನ್ನೂ ಚಿಕ್ಕವಳಾಗಿದ್ದರೆ ಕೂರಬೇಕಾಗಿರಲಿಲ್ಲ,” ಎಂದಳು. “ಈಗ ಇದು ನನ್ನ ಪಾಲಿಗೆ ಬಂದದ್ದು. ಈ ಮನೆಯಲ್ಲಿ ಅಮ್ಮನಿಗಾಗಿ ಕೂರಲು ಬೇರೆ ಯಾರಿದ್ದಾರೆ ಹೇಳಿ.”

ಯಹೂದಿ ಎಂಬ ಮಾತನ್ನು ನಾನು ಮೆಸ್ಸಿನ ಟಿವಿಯ ವಾರ್ತೆಯಲ್ಲಿ ಮಾತ್ರ ಕೇಳಿದ್ದೆ. ಎದುರಿಗೆ ನೋಡಿದರೆ ಮೂಗು ಒರೆಸಿಕೊಳ್ಳುತ್ತಿದ್ದ ಒಂದು ಹುಡುಗಿ.

ಕೆಳಗೆ ವ್ಯಾನಿನಲ್ಲಿ ಕಾಯುತ್ತಿದ್ದ ಡ್ರೈವರ್ ಕುಂದಾಪುರದ ಕಡೆಯವನು, ನನ್ನ ರೂಮಿನವನೇ.

“ಎಂತ ಆಚಾರ್ರೇ, ಇಷ್ಟು ಹೊತ್ತು? ಕುರ್ಚಿಗೆ ಕಾಲಾ, ಕುರ್ಚಿಗೆ ಮದುವೆಯಾ?”

“ಒಂದು ಮಣೆ ಬೇಕಂತೆ.”

“ಅಮೆರಿಕದವರಿಗೆ ಮಣೆಯಾ? ನಾಳೆ ಬಾಳೆಲೆಯೂ ಕೇಳಿಯಾರು. ಯಲ್ಲಾ, ಹತ್ತಿ.”

ಸಂಜೆ ವರ್ಕ್‌ಶಾಪಿನಲ್ಲಿ ಬಾಗಿಲ ಚೌಕಟ್ಟಿಗೆ ಕೊಯ್ದು ಉಳಿದ ತೇಗದ ತುಂಡು ಆರಿಸಿದೆ. ಮಣೆ ಮಾಡಿ ಎಷ್ಟೋ ವರ್ಷಗಳಾಗಿದ್ದವು. ನನ್ನ ಕೈಯಿಂದ ಮೊಟ್ಟಮೊದಲು ಪೂರ್ತಿಯಾದ ಸಾಮಾನೇ ಒಂದು ಮಣೆ, ಹಲಸಿನ ಹಲಗೆಯದ್ದು. ಶಾಲೆ ಬಿಟ್ಟ ವರ್ಷ ಅಮ್ಮನಿಗೆ ಮಾಡಿಕೊಟ್ಟಿದ್ದೆ. ಒಂದು ಕಾಲು ಗಿಡ್ಡವಾಗಿ ಅಲುಗಾಡುತ್ತಿತ್ತು. ಅಮ್ಮ ಅದಕ್ಕೆ ಒಂದು ಚಿಪ್ಪಿನ ಚೂರು ಒತ್ತು ಕೊಟ್ಟು, ಅದರ ಮೇಲೆ ಕೂತೇ ಮೀನು ಕೊಯ್ದಳು, ಕಾಯಿ ತುರಿದಳು. ಕೆಲಸ ಕಲಿತ ಮೇಲೆ ಹೊಸದು ಮಾಡಿಕೊಡುತ್ತೇನೆಂದರೆ ಒಪ್ಪಲಿಲ್ಲ. “ಇದು ಅಲುಗಿದರೆ ನೀನು ಮನೆಯಲ್ಲಿ ಇದ್ದ ಹಾಗೆ ಆಗ್ತದೆ,” ಎನ್ನುತ್ತಿದ್ದಳು.

ಈ ಮಣೆಗೆ ಅಂಚು ಕೆತ್ತಿದೆ, ಮರಳು ಕಾಗದ ಉಜ್ಜಿದೆ, ಎರಡು ಕೈ ಪಾಲಿಶ್ ಎಳೆದೆ. ನಮ್ಮಲ್ಲಿ ಮಣೆಯೆಂದರೆ ಮದುವೆಗೆ, ಹಬ್ಬದ ಊಟಕ್ಕೆ. ಅಂಚು ಕೆತ್ತದೆ ಮಣೆ ಮಾಡಿ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಹೋದಾಗಲೂ ಬಾಗಿಲು ತೆರೆದಿತ್ತು. ಹುಡುಗಿ ನೆಲದ ಮೇಲೆ ಕೂತಿದ್ದಳು. ಗುಡ್ ಮಾರ್ನಿಂಗ್ ಎಂದೆ. ಏಳಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ದುಃಖದಲ್ಲಿರುವವರೇ ಮೊದಲು ಮಾತಾಡಬೇಕು, ಬಂದವರು ಸುಮ್ಮನಿರಬೇಕು ಎಂಬುದು ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು. ಏನು ಮಾಡುವುದೆಂದು ತೋಚದೆ ಮಣೆಯನ್ನು ಅವಳ ಹತ್ತಿರ ಇಟ್ಟು, ಚಪ್ಪಲಿ ಬಿಟ್ಟು, ಎದುರಿನ ಗೋಡೆಗೆ ಒರಗಿ ಟೈಲ್ಸಿನ ಮೇಲೆ ಕೂತೆ.

ಅವಳು ಮಣೆಯ ಅಂಚಿನ ಮೇಲೆ ಬೆರಳು ಆಡಿಸಿದಳು.

“ಇದು ತುಂಬಾ ಚೆಂದ ಆಗಿದೆ. ದುಃಖಕ್ಕೆ ಕೂರುವ ಮಣೆ ಚೆಂದ ಇರಬಾರದಿತ್ತು.”

“ಕೆಟ್ಟದಾಗಿ ಮಾಡಲು ನನಗೆ ಬರುವುದಿಲ್ಲ.”

ನಗು ಬಂದೂ ಬಾರದ ಹಾಗೆ ತುಟಿ ಕಚ್ಚಿಕೊಂಡಳು. ಎದ್ದು ಮಣೆಯ ಮೇಲೆ ಕೂತಳು. ಕೂತ ಕೂಡಲೇ ಅಲ್ಲಿಯವರೆಗೆ ಬಿಗಿ ಹಿಡಿದದ್ದೆಲ್ಲ ಬಿಟ್ಟುಹೋಯಿತು, ಮೊಣಕಾಲಿಗೆ ಹಣೆ ಕೊಟ್ಟು ಅತ್ತಳು. ತಂದೆ ರೂಮಿನ ಬಾಗಿಲವರೆಗೆ ಬಂದರು. ಸ್ಕೂಲಿನ ಮಾತು ಎತ್ತಲಿಲ್ಲ. ಅಲ್ಲೇ ಹೊಸ್ತಿಲಿಗೆ ಬೆನ್ನು ಕೊಟ್ಟು ಕುಸಿದು ಕೂತರು, ಟೈ ಕಟ್ಟಿದ ಆ ಮನುಷ್ಯ. ಮೊಬೈಲ್ ರಿಂಗಾಗುತ್ತಿತ್ತು, ತೆಗೆಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ಮುಖ ಒರೆಸಿಕೊಂಡು ಕೇಳಿದಳು, “ನಿಮ್ಮ ಅಮ್ಮ ಇದ್ದಾರಾ?”

“ಇಲ್ಲ. ಹೋದ ಮಳೆಗಾಲದಲ್ಲಿ.”

“ಊರಿಗೆ ಹೋಗಿದ್ದಿರಾ?”

“ಇಲ್ಲ. ನಾನು ಮುಟ್ಟುವುದರೊಳಗೆ ಮುಗಿಯುತ್ತಿತ್ತು. ಅಣ್ಣ ಮಾಡಿದ ಎಲ್ಲ.”

“ಹಾಗಾದರೆ ಇಲ್ಲಿ ಎಷ್ಟು ದಿನ ಕೂತಿರಿ?”

ನಾನು ಕೂತಿರಲಿಲ್ಲ. ಸುದ್ದಿ ಬಂದ ಬೆಳಿಗ್ಗೆ ಯೂನಿಫಾರಂ ಹಾಕಿ ಒಂದು ಹೋಟೆಲಿನ ಬಾಗಿಲುಗಳಿಗೆ ಬೀಗ ಕೂರಿಸಲು ಹೋಗಿದ್ದೆ. ತಲೆ ಬೋಳಿಸಿರಲಿಲ್ಲ. ಒಂದು ಬೀಗವೂ ಓರೆಯಾಗಿರಲಿಲ್ಲ. ಅದನ್ನು ಫೋರ್‌ಮನ್ ಹೊಗಳಿದ್ದ, ನಾನು ತಲೆ ಎತ್ತಿ ಕೇಳಿಸಿಕೊಂಡಿದ್ದೆ. ಅದನ್ನೆಲ್ಲ ಆ ಮಗುವಿಗೆ ಹೇಗೆ ಹೇಳುವುದು?

“ಕೆಲಸ ಇತ್ತು,” ಎಂದೆ.

ಅವಳು ನನಗೆ ಜಾಗ ಬಿಟ್ಟುಕೊಡಲು ಮಣೆಯಿಂದ ಏಳಲು ಹೋದಳು, ನಾನು ಬೇಡವೆಂದು ಕೈ ಅಡ್ಡ ಹಿಡಿದೆ.

“ಇರಲಿ,” ಎಂದಳು. “ನೀವು ಆಗಲೇ ತಗ್ಗಿನಲ್ಲಿ ಕೂತಿದ್ದೀರಿ.”

ನನ್ನ ಕಣ್ಣು ತುಂಬಿದ್ದು ಆವಾಗ. ಊರಿನಲ್ಲಿ ಆ ಅಲುಗಾಡುವ ಮಣೆ ಏನಾಯಿತೆಂದು ಅಣ್ಣನನ್ನು ನಾನು ಕೇಳಿಯೂ ಇರಲಿಲ್ಲ.

ಲಿಫ್ಟಿನ ಸದ್ದಾಯಿತು. ಡ್ರೈವರ್ ತೆರೆದ ಬಾಗಿಲಲ್ಲಿ ತಲೆ ಹಾಕಿದ.

“ಆಚಾರ್ರೇ, ಎಷ್ಟು ಮಿಸ್ಡ್ ಕಾಲ್ ಕೊಡುವುದು? ವೆಸ್ಟ್ ಬೇಯ ಕೆಲಸ ಉಂಟಲ್ಲ, ಫೋರ್‌ಮನ್ ಬೊಬ್ಬೆ ಹಾಕ್ತಿದ್ದಾನೆ. ಖಲಾಸ್ ಮಾಡಿ ಬನ್ನಿ.”

ಆಮೇಲೆ ಕನ್ನಡಿಯ ಬಟ್ಟೆ, ದೀಪ, ನೆಲದಲ್ಲಿ ಕೂತ ನಮ್ಮೆಲ್ಲರನ್ನೂ ನೋಡಿದ. ದನಿ ತಗ್ಗಿಸಿದ.

“ಎಂತ ಆಯ್ತು?”

“ಇವತ್ತು ನಾನು ಬರುವುದಿಲ್ಲ ಅಂತ ಹೇಳು. ಅಮ್ಮ ತೀರಿಕೊಂಡಿದ್ದಾಳೆ.”

“ಯಾರ ಅಮ್ಮ?”

“ನನ್ನ ಅಮ್ಮ.”

ಹೋದ ಮಳೆಗಾಲದಲ್ಲಿ ಊರಿನಿಂದ ಫೋನ್ ಬಂದಾಗ ಪಕ್ಕದ ಮಂಚದಲ್ಲಿ ಇದ್ದವನು ಅವನೇ. ಅವನು ವ್ಯಾನಿನ ಕೀಲಿಯನ್ನು ಕಿಸೆಗೆ ಹಾಕಿಕೊಂಡು ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತ.