ಖಾಲಿ ಕುರ್ಚಿಯ ಪಕ್ಕದ ಸ್ಟೂಲು

ಪರಮೇಶ್ವರಪ್ಪ ಮೇಷ್ಟ್ರು ಹೆಡ್‌ಮಾಸ್ಟರ ಕುರ್ಚಿಯಲ್ಲಿ ಒಂದು ದಿನವೂ ಕೂತವರಲ್ಲ. ಆರು ವರ್ಷ ಹೆಡ್‌ಮಾಸ್ಟರ ಕೆಲಸವನ್ನೆಲ್ಲ ಮಾಡಿದವರು ಅವರೇ, ಆದರೆ ಕೂತದ್ದು ಕುರ್ಚಿಯ ಪಕ್ಕದ ಒಂದು ಕುಂಟು ಸ್ಟೂಲಿನ ಮೇಲೆ. ದಿನಾ ಬೆಳಿಗ್ಗೆ ಹೆಗಲ ಮೇಲಿನ ವಲ್ಲಿಯಿಂದ ಕುರ್ಚಿಯ ಧೂಳು ಹೊಡೆಯುವರು, ಆಮೇಲೆ ಸ್ಟೂಲಿನ ಮೇಲೆ ಕೂತು ಹಾಜರಿ ಪುಸ್ತಕ ಎಳೆದುಕೊಳ್ಳುವರು. ಯಾರಾದರೂ ಕೇಳಿದರೆ, "ನಂದು ಬರೀ ಪ್ರಭಾರ ರೀ. ಕುರ್ಚಿ ಬರೋರದ್ದು" ಅನ್ನುವರು.

ಆ ಬರೋರು ನಾನಾದೆ. ಐವತ್ತರ ದಶಕದ ಕೊನೆಯ ಮಾತು. ಸೊರಬದ ನಾನು ಬಿ.ಎ., ಮೇಷ್ಟ್ರ ತರಬೇತಿಯ ಬಿ.ಟಿ. ಮುಗಿಸಿ ಒಂದು ವರ್ಷ ಕೆಲಸವಿಲ್ಲದೆ ಅಲೆದಿದ್ದೆ. ಮನೆಯಲ್ಲಿ ಊಟಕ್ಕೆ ಕೂತರೆ ಅಪ್ಪ ಎದ್ದು ಹೋಗುವಷ್ಟಕ್ಕೆ ಬಂದಿತ್ತು. ಅಂಥ ಹೊತ್ತಿನಲ್ಲಿ ತಾಳಗುಂದದಿಂದಾಚೆಯ ಹಳ್ಳಿಯೊಂದರ ಹೈಸ್ಕೂಲಿಗೆ ಹೆಡ್‌ಮಾಸ್ಟರು ಬೇಕಾಗಿದ್ದಾರೆಂದು ಗೊತ್ತಾಗಿ ಅರ್ಜಿ ಹಾಕಿದೆ. ಬಂದದ್ದು ನನ್ನದೊಂದೇ ಅರ್ಜಿಯಂತೆ, ಕೆಲಸ ಸಿಕ್ಕಿತು.

ಮೊದಲ ದಿನ ಮೇಷ್ಟ್ರು ನನ್ನ ಕೈ ಹಿಡಿದು ಕುರ್ಚಿಯ ಹತ್ತಿರ ಕರೆದುಕೊಂಡು ಹೋದರು. "ಕುಂದರ್ರಿ ಸಾರ್" ಅಂದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು ಎದುರಿಗೆ ನಿಂತಿರುವಾಗ ಹೇಗೆ ಕೂರಲಿ? "ನೀವು ಕೂತ್ಕಳಿ ಮಾರಾಯ್ರೆ" ಅಂದೆ. ಸೊರಬದ ನನ್ನ 'ಮಾರಾಯ್ರೆ' ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. ಆವತ್ತಿನಿಂದ ನಾನಿಲ್ಲದಾಗ ನನ್ನನ್ನು 'ನಮ್ಮ ಮಾರಾಯರು' ಎಂದೇ ಕರೆಯುತ್ತಿದ್ದರಂತೆ.

ಅವರ ಅಕ್ಷರ ದುಂಡಗೆ, ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಊರಿನ ಕಾಗದಪತ್ರವೆಲ್ಲ ಅವರ ಕೈಯಲ್ಲೇ ಆಗಬೇಕು. ಅಮಲ್ದಾರರಿಗೆ ಅರ್ಜಿ, ಪಹಣಿಯ ತಕರಾರು, ಗಂಡನ ಮನೆಯಲ್ಲಿರುವ ಮಗಳಿಗೆ ಕಾಗದ, ಎಲ್ಲ. ಅವರು ಬರೆದದ್ದನ್ನು ಯಾರೂ ಓದಿ ನೋಡುತ್ತಿರಲಿಲ್ಲ. ಓದಲು ಬರುವವರೂ ಓದುತ್ತಿರಲಿಲ್ಲ. ಹಾಗೆ ಓದಿದರೆ ಮೇಷ್ಟ್ರ ಮೇಲೆ ಅನುಮಾನ ಪಟ್ಟಂತೆ ಎಂಬುದು ಊರಿನ ರೀತಿ. ಅವರು ಬೆರಳಿಟ್ಟು ತೋರಿಸಿದ ಕಡೆ ಸೈ ಹಾಕುವುದು, ಇಲ್ಲವೇ ಹೆಬ್ಬೆಟ್ಟು ಒತ್ತುವುದು, ಅಷ್ಟೇ.

ಈ ರೀತಿಯಿಂದಲೇ ನನಗೆ ಕೆಲಸ ಸಿಕ್ಕಿದ್ದು ಎಂದು ತಿಳಿದದ್ದು ಎರಡು ತಿಂಗಳಾದ ಮೇಲೆ. ಶಿಕಾರಿಪುರದಲ್ಲಿ ದವಸದ ಅಂಗಡಿ ಇಟ್ಟಿದ್ದ ಈರಪ್ಪನವರು ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಸಂತೆಯ ದಿನ ಅಂಗಡಿಗೆ ಹೋದಾಗ ಮೂಟೆಯ ಮೇಲೆ ಕೂರಿಸಿ ಹೇಳಿದರು. "ಬ್ಯಾಸರ ಮಾಡ್ಕಬ್ಯಾಡ್ರಿ, ನಿಮ್ಮನ್ನ ನಾವು ಬೇಕಂತ ತಗೊಂಡದ್ದಲ್ಲ. ಕಾಯಂ ಹೆಡ್‌ಮಾಸ್ಟರು ಬೇಕು, ಏನೇನು ಅರ್ಹತೆ ಅಂತ ನೀವೇ ಗೊತ್ತುಮಾಡಿ ಕಳಿಸ್ರಿ ಅಂತ ಇಲಾಖೆಯೋರು ಬರದಿದ್ರು. ನಾವು ಮೇಷ್ಟ್ರಿಗೇ ಹೇಳಿದ್ವಿ, ನಿಮಗೆ ಹೊಂದೋ ಹಂಗ ಬರ್ಕಳ್ರಿ ಅಂತ. ಅವರು ಬರದ್ರು, ನಾವು ಐದೂ ಮಂದಿ ಸೈ ಹಾಕಿದ್ವಿ. ನಿಮ್ಮ ಅರ್ಜಿ ಬಂದ ಮ್ಯಾಲೆ ನೋಡ್ತೀವಿ, ಬಿ.ಎ., ಬಿ.ಟಿ. ಅಂತ ಬರದು ಕುಂತಾರ! ಅವರು ಓದಿದ್ದು ಬರೀ ಎಲ್.ಎಸ್., ಲೋಯರ್ ಸೆಕೆಂಡರಿ ಕಣ್ರೀ! ಇದೇನ್ರೀ ಮೇಷ್ಟ್ರೇ ಅಂದ್ರ, 'ನೀವೇ ಸೈ ಹಾಕೀರಲ್ರೀ' ಅಂತ ನಕ್ಕುಬಿಟ್ರು."

ಮೇಷ್ಟ್ರ ಅನ್ನ ಕಿತ್ತುಕೊಂಡು ಕುರ್ಚಿಯಲ್ಲಿ ಕೂತಿದ್ದೇನೆ ಅನ್ನಿಸಿ ನೇರ ಅವರ ಮನೆಗೆ ಹೋದೆ. ಬಾಗಿಲಲ್ಲಿ ಸಿಕ್ಕವರು ಅವರ ಹೆಂಡತಿ ಗೌರಮ್ಮನವರು. ವಿಷಯ ಎತ್ತಿದ್ದೇ ತಡ, "ತಮ್ಮ ಕಾಲ ಮ್ಯಾಲೆ ತಾವೇ ಕಲ್ಲು ಹಾಕ್ಕೊಂಡ್ರು. ಊರೆಲ್ಲ ನಗ್ತೈತಿ" ಅಂದು ಒಳಗೆ ಹೋದರು. ಜಗಲಿಯ ಮೇಲೆ ಕೂತಿದ್ದ ಮೇಷ್ಟ್ರಿಗೆ ನಾನು, ರಾಜೀನಾಮೆ ಕೊಟ್ಟು ಹೋಗುತ್ತೇನೆ ಅಂದೆ.

ಮೇಷ್ಟ್ರು ಬೇಸರಪಟ್ಟುಕೊಳ್ಳಲಿಲ್ಲ, ಸಿಟ್ಟಾದರು. ಅವರ ಸಿಟ್ಟು ನೋಡಿದ್ದು ಅದೊಂದೇ ಸಲ. "ಹೋದ ವರ್ಷ ಒಂಬತ್ತು ಮಕ್ಕಳು ಎಸ್ಸೆಸ್ಸೆಲ್ಸಿಗೆ ಕುಂತ್ವು. ಒಂಬತ್ತೂ ಲೆಕ್ಕದಾಗ ಫೇಲು. ಯಾಕ? ಬೀಜಗಣಿತ ನನಗ ಬರಲ್ಲ. ಪುಸ್ತಕದಾಗ ಇದ್ದದ್ದನ್ನ ಬೋರ್ಡಿನ ಮ್ಯಾಲೆ ಇಳಿಸಿದೆ, ಅವು ಬರ್ಕೊಂಡ್ವು. ನಾ ಬರದದ್ದು ಅಂತ ಅವೂ ಕೇಳಲಿಲ್ಲ, ಸಮಿತಿಯೋರಂಗ! ಅದ್ರಾಗ ಮೂರು ಮಕ್ಕಳು ಈಗ ದನ ಕಾಯ್ತಾವ ಸಾರ್. ಇನ್ನೊಂದು ಒಂಬತ್ತನ್ನ ನಾನು ಕಳಿಸ್ಲಾ? ನೀವು ಹೋದ್ರ ಆ ಕುರ್ಚಿ ಮತ್ತ ನನ್ನ ತಲಿಗೇ ಬರ್ತದ." ಆಮೇಲೆ ದನಿ ತಗ್ಗಿಸಿ, "ಇರ್ರೀ ಮಾರಾಯರ, ಚಾ ಕುಡೀರಿ" ಅಂದರು. ನಾನು ಉಳಿದುಕೊಂಡೆ.

ಮರುದಿನ ಹತ್ತನೆಯ ತರಗತಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಮೇಷ್ಟ್ರು! ನೂರು ಪುಟದ ನೋಟ್‌ಬುಕ್ಕು, ಸೀಸದಕಡ್ಡಿ ಹಿಡಿದು ಕೂತಿದ್ದರು. ತಮ್ಮ ಪಾಠವಿಲ್ಲದಾಗಲೆಲ್ಲ ಹಾಗೆ ಬಂದು ಕೂರುವರು. ಅರ್ಥವಾಗದಿದ್ದರೆ ಎದ್ದು ನಿಂತು, "ಇನ್ನೊಮ್ಮೆ ಹೇಳ್ರಿ ಸಾರ್, ತಿಳೀಲಿಲ್ಲ" ಅನ್ನುವರು. ಮೊದಮೊದಲು ಮಕ್ಕಳು ಕಿಸಕ್ಕೆಂದವು. ತಿಂಗಳೊಪ್ಪತ್ತಿನಲ್ಲಿ ಅವೂ ಎದ್ದು ನಿಂತು ಕೇಳತೊಡಗಿದವು. ಹೆಡ್‌ಮಾಸ್ಟರಾಗಿ ನಾನು ಮಾಡಿದ ಸಾಧನೆ ಎಂದು ಜನ ಹೊಗಳಿದ್ದರಲ್ಲಿ ಅರ್ಧ ಆ ಹಿಂದಿನ ಬೆಂಚಿನದು. ಆ ವರ್ಷ ಹನ್ನೊಂದು ಮಕ್ಕಳಲ್ಲಿ ಏಳು ಪಾಸಾದವು. ಮೇಷ್ಟ್ರು ಶಿಕಾರಿಪುರದಿಂದ ಪೇಡೆ ತರಿಸಿ ಊರಿಗೆಲ್ಲ ಹಂಚಿದರು.

ಮೇಷ್ಟ್ರು ನಿವೃತ್ತರಾದ ದಿನ ಫೋಟೋಕ್ಕಾಗಿ ಒಮ್ಮೆಯಾದರೂ ಆ ಕುರ್ಚಿಯಲ್ಲಿ ಕೂರಿ ಎಂದು ಕೈಮುಗಿದು ಕೇಳಿದೆ. "ಬರದದ್ದು ಬರದಂಗ ಇರ್ಬೇಕ್ರಿ" ಎಂದು ಸ್ಟೂಲು ತರಿಸಿಕೊಂಡು ಪಕ್ಕದಲ್ಲಿ ಕೂತರು. ಫೋಟೋದಲ್ಲಿ ನಾನು ಅಳುಮೋರೆ ಹಾಕಿಕೊಂಡಿದ್ದೇನೆ, ಅವರು ನಗುತ್ತಿದ್ದಾರೆ.

ಅವರು ತೀರಿಕೊಂಡ ವಾರಕ್ಕೆ ಗೌರಮ್ಮನವರು ನನ್ನನ್ನು ಕರೆಸಿ ಆ ಬೀಜಗಣಿತದ ನೋಟ್‌ಬುಕ್ಕನ್ನು ಕೈಗಿಟ್ಟರು. ಅದರ ನಡುವೆ ಮಡಿಸಿದ ಹಳೆಯ ಹಾಳೆಯೊಂದಿತ್ತು, ಇಲಾಖೆಗೆ ಕಳಿಸಿದ ಅರ್ಹತೆಗಳ ಕರಡು. ಮೊದಲ ಸಾಲು ಹೀಗಿತ್ತು: 'ಇದೇ ಶಾಲೆಯಲ್ಲಿ ಆರು ವರ್ಷ ಪ್ರಭಾರ ವಹಿಸಿದವರಿಗೆ ಪದವಿಯ ಅಗತ್ಯವಿಲ್ಲ.' ಅದರ ಮೇಲೆ ರೂಲುದೊಣ್ಣೆ ಇಟ್ಟು ಎಳೆದ ನೇರ ಗೆರೆ. ಕೆಳಗೆ, ಮಸಿ ಕಾಗದದ ಹಿಂದಕ್ಕೂ ಇಳಿಯುವಷ್ಟು ಒತ್ತಿ, 'ಬಿ.ಎ., ಬಿ.ಟಿ. ಆಗಿರಲೇಬೇಕು.'

ಅವರಿಗೂ ಆಸೆಯಿತ್ತು. ನಗುನಗುತ್ತಾ ಬಿಟ್ಟುಕೊಟ್ಟರು ಎಂದು ಅಷ್ಟು ವರ್ಷ ನಂಬಿದ್ದೆನಲ್ಲ! ನಾನು ಉಂಡ ಅನ್ನ ಆ ಹೊಡೆದುಹಾಕಿದ ಸಾಲಿನದು.